ಹೋಲಿಕೆ ನಾಲ್ಕರ ರಕ್ತ

ಸ್ಟೆನ್‌ಲಿಡೆನ್
ಮೇ ೨೪, ೨೦೨೨, ಮಂಗಳವಾರ ಮಧ್ಯಾಹ್ನ

ನನ್ನ ರೂನಾ,

ಈ ಪತ್ರ ನಿನಗೆ ಅಂಚೆಯಲ್ಲಿ ಬರುವುದಿಲ್ಲ. ನಾಳೆ ಬೆಳಗಿನ ಬಸ್ಸಿನಲ್ಲಿ, ಡ್ರೈವರ್ ಟೋರ್ನಿಯ ಕೈಯಲ್ಲಿ, ಆ ಹಳೆಯ ಬಿಳಿ ಥರ್ಮೋಕೋಲ್ ಪೆಟ್ಟಿಗೆಯಲ್ಲಿ ಬರುತ್ತದೆ. ಅಪ್ಪ ಹೋದ ಮೇಲೂ ಈ ಪೆಟ್ಟಿಗೆ ಯಾಕೆ ಬಂತು ಎಂದು ನಿನ್ನ ಎದೆ ಧಸಕ್ಕೆನ್ನಬಹುದು. ಮೊದಲು ಪತ್ರ ಓದು. ಜೊತೆಗಿರುವ ರಕ್ತದ ಕೊಳವೆಯನ್ನು ಆಮೇಲೆ ನೋಡು. ಅದು ಕಾಯುತ್ತದೆ.

ಶನಿವಾರ ಫೋನಿನಲ್ಲಿ ನೀನು ಹೇಳಿದ ಮಾತನ್ನು ನಾನು ದಿನಚರಿಯಲ್ಲಿ ಬರೆದಿಟ್ಟಿದ್ದೇನೆ. ನಿನಗೆ ಗೊತ್ತಲ್ಲ, ಚಳಿ ಎಷ್ಟು, ಯಾರು ಬಂದರು, ಏನು ಅಡುಗೆ, ಅಷ್ಟೇ ಬರೆಯುವವಳು ನಾನು. ಆ ದಿನದ್ದು ಹೀಗಿದೆ: 'ಏಳು ಡಿಗ್ರಿ. ಸರೋವರದ ಹಿಮ ಒಡೆಯಿತು. ರೂನಾ ಫೋನ್. ಲೇಖನ ಶುಕ್ರವಾರ ಹೋಗುತ್ತದಂತೆ. ಸೆಪ್ಟೆಂಬರಿನಲ್ಲೇ ಕಂಡಿತ್ತಂತೆ, ಕಂಡು ಕುಣಿದಳಂತೆ.' ಕೊನೆಯ ಸಾಲಿನ ಕೆಳಗೆ ಒಂದು ಗೆರೆ ಎಳೆದೆ. ಆಮೇಲೆ ಅದೇ ಗೆರೆಯ ಮೇಲೆ ಇನ್ನೊಮ್ಮೆ ಎಳೆದೆ.

ನೀನು ಅಂದದ್ದು ಇಷ್ಟು. "ಅಮ್ಮ, ಅಪ್ಪಂಗೆ ಆ ಇಲಿಹಿಕ್ಕೆ ದೂಳಿನ ಕಾಡಿಲಿ ಜ್ವರ ತಗುಲಿದೆ ಅಂತ ನಂಗೆ ಸೆಪ್ಟೆಂಬರಲ್ಲೇ ಗೊತ್ತಿತ್ತು. ಡಾಕ್ಟರ ಹತ್ರ ಕರ್ಕೊಂಡು ಹೋಗೋದು ಬಿಟ್ಟು ಅಂಕಿ ನೋಡ್ಕೊಂಡು ಕುಣಿದೆ. ಆ ಜ್ವರ ಅವರ ಕಿಡ್ನಿ ತಿಂತಾ ಇತ್ತು, ನಾನು ಲೇಖನ ಬರೀತಾ ಇದ್ದೆ." ಅಂತ್ಯಸಂಸ್ಕಾರದ ದಿನ ಕಾಫಿಗೆ ಕೂತಾಗಲೂ ನೀನು ಅದನ್ನೇ ಅಂದಿದ್ದೆ. ಅಪ್ಪನ ಹಾಗೆ ಮೂಳೆಮಜ್ಜೆಯ ಕಾಯಿಲೆ ಬಂದವರು ಎಷ್ಟೋ ಜನ ವರ್ಷಗಟ್ಟಲೆ ಬದುಕುತ್ತಾರೆ, ಅಪ್ಪನ ಕಿಡ್ನಿ ಮೊದಲೇ ಕೆಟ್ಟಿದ್ದರಿಂದ ಹೀಗಾಯಿತು ಎಂದು. ಆಗ ನಿನ್ನ ತಟ್ಟೆಗೆ ಇನ್ನೊಂದು ತುಂಡು ಕೇಕ್ ಹಾಕಿದೆ. ಶನಿವಾರ, ಒಲೆ ಮೇಲೆ ಆಲೂ ಉಂಡೆ ಬೇಯುತ್ತಿದೆ, ಆಮೇಲೆ ಮಾತಾಡೋಣ ಎಂದು ಫೋನ್ ಇಟ್ಟೆ. ಒಲೆಯ ಮೇಲೆ ಏನೂ ಇರಲಿಲ್ಲ. ಒಬ್ಬಳಿಗೋಸ್ಕರ ಯಾರು ಉಂಡೆ ಮಾಡುತ್ತಾರೆ.

ಎಲ್ಲಿಂದ ಹೇಳಬೇಕೋ ತಿಳಿಯುತ್ತಿಲ್ಲ. ಮೂರು ಹಾಳೆ ಹರಿದು ಹಾಕಿದ್ದೇನೆ. ಇದು ನಾಲ್ಕನೆಯದು, ಹೇಗಿದ್ದರೂ ಇದನ್ನೇ ಕಳಿಸುತ್ತೇನೆ.

ಕಳೆದ ವರ್ಷ ಏಪ್ರಿಲ್‌ನಲ್ಲಿ ನೀನು ಬಂದು ಅಡುಗೆಮನೆಯ ಮೇಜಿನ ಮೇಲೆ ಕೊಳವೆಗಳನ್ನು ಸಾಲಾಗಿ ಇಟ್ಟೆಯಲ್ಲ, ಅಲ್ಲಿಂದ ಹೇಳುತ್ತೇನೆ. ಜ್ವರ ಬಂದು ಹೋದವರ ರಕ್ತ ನಿನ್ನ ಹತ್ತಿರ ಬೇಕಾದಷ್ಟಿತ್ತು. ಹೋಲಿಸಿ ನೋಡಲು ಜ್ವರ ಬಾರದ ಗಂಡಸರ ರಕ್ತ ಬೇಕಾಗಿತ್ತು. ಈ ಜ್ವರ ಗಂಡಸರನ್ನೇ ಹೆಚ್ಚು ಕಾಡುತ್ತದೆ ಎಂದೆ. ನಾನೂ ತೋಳು ಚಾಚಿದ್ದೆ, ನೆನಪಿದೆಯೇ? "ನೀನು ಬೇಡಮ್ಮ, ನೀನು ಚುಚ್ಚೋಳು" ಅಂದೆ. ಆರೋಗ್ಯ ಕೇಂದ್ರದಲ್ಲಿ ಮೂವತ್ತೊಂದು ವರ್ಷ ಚುಚ್ಚಿದವಳು ನಾನು, ಸರಿಯೇ. ನಾಲ್ಕು ವಾರಕ್ಕೊಮ್ಮೆ ಮಂಗಳವಾರ ಬೆಳಿಗ್ಗೆ ಅಪ್ಪನ ತೋಳಿನಿಂದ ತೆಗೆಯುವುದು, ಎಂಟು ಸಲ ಮೆಲ್ಲಗೆ ಮಗುಚುವುದು, ಅಲುಗಿಸಕೂಡದು, ಅಲುಗಿಸಿದರೆ ಕೆಂಪುಕಣ ಒಡೆಯುತ್ತದೆ, ಉಮಿಯೊದ ನಿನ್ನ ಲ್ಯಾಬಿಗೆಂದು ಏಳೂ ಹತ್ತರ ಬಸ್ಸಿಗೆ ಕೊಡುವುದು. ಅಪ್ಪನಿಗೆ ಹೆಸರಿರಲಿಲ್ಲ, ಹೋಲಿಕೆ ನಾಲ್ಕು ಎಂದು ಚೀಟಿ.

ಆ ದಿನ ನೀನು ವಿವರಿಸಿದ್ದು ನನಗೆ ಅಷ್ಟಿಷ್ಟು ಅರ್ಥವಾಗಿತ್ತು. ವೈರಸ್ ಬಗ್ಗೆ ಕೆಲಸ ಮಾಡುವವರೆಲ್ಲ ರಕ್ತದಿಂದ ಬಿಳಿಯ ಕಣ ತೆಗೆದುಕೊಂಡು ತಳದಲ್ಲಿ ಉಳಿದ ಕೆಂಪನ್ನು ಚೆಲ್ಲುತ್ತಾರೆ, ನೀನು ಚೆಲ್ಲಿದ್ದನ್ನು ಎತ್ತಿಕೊಂಡೆ. ಕೆಂಪುಕಣ ಉಸಿರನ್ನಷ್ಟೇ ಹೊರುವುದಿಲ್ಲ, ಜ್ವರ ಬಂದವರಲ್ಲಿ ವೈರಸ್ಸನ್ನೂ ಮೈಗೆ ಅಂಟಿಸಿಕೊಂಡು ಯಕೃತ್ತಿಗೆ ಸಾಗಿಸಿ ಅಲ್ಲಿ ಇಳಿಸುತ್ತದೆ ಎಂದೆ. ಅಪ್ಪ ಅದಕ್ಕೆ, "ಹಂಗಾದ್ರೆ ಟೋರ್ನಿ ಬಸ್ಸು ಅನ್ನು. ಹೆಂಗಸರು, ಸ್ಕೀ, ಸತ್ತ ಮೀನು, ಎಲ್ಲಾ ಹೇರ್ಕೊಂಡು ಹೋಗುತ್ತೆ, ಯಾಕೆ ಅಂತ ಕೇಳಲ್ಲ" ಅಂದರು. ನೀನು ನಕ್ಕು, ಅದೇ ಸರಿ ಅಪ್ಪ ಅಂದೆ. ಆಮೇಲೆ ಇನ್ನೊಂದು ಮಾತು ಹೇಳಿದೆ. ಕೆಂಪುಕಣದೊಳಗೆ ತಿರುಳಿಲ್ಲ, ಅದನ್ನು ನೋಡಿ ಯಾರದು, ಗಂಡಸಿನದೋ ಹೆಂಗಸಿನದೋ ಎಂದು ಹೇಳಲಾಗದು ಎಂದೆ. ಅಪ್ಪ ಆ ಮಾತನ್ನು ಮರೆಯಲಿಲ್ಲ.

ಏಪ್ರಿಲ್, ಮೇ, ಜೂನ್. ಈ ಮೂರೂ ಅಪ್ಪನದೇ. ಮೂರರಲ್ಲೂ ನೀನು ಜ್ವರದ ಗುರುತು ಹುಡುಕಿದೆ, ಇರಲಿಲ್ಲ. ಲ್ಯಾಬಿನಲ್ಲಿ ನೀನು ಬೆರೆಸಿದ ವೈರಸ್ಸು ಕೆಂಪುಕಣಕ್ಕೆ ಅಂಟಲೂ ಇಲ್ಲ. ಇರಬೇಕಾದ್ದೇ ಹಾಗೆ ಎಂದೆ. ಆಮೇಲೆ ಆಗಸ್ಟ್ ಕೊನೆಯವರೆಗೆ ನಿನ್ನ ಲ್ಯಾಬಿಗೆ ಬೇಸಿಗೆ ರಜೆ.

ಆಗಸ್ಟ್ ೧೯, ಗುರುವಾರ. ಅಪ್ಪನನ್ನು ಹೆಸರು ಹಿಡಿದೇ ಬರೆಯುವ ನನ್ನ ದಿನಚರಿಯಲ್ಲಿ, 'ಹದಿನಾರು ಡಿಗ್ರಿ. ಹಿಲ್ಡಿಂಗ್ ಜೊತೆ ಆಸ್ಪತ್ರೆಗೆ. ಮಜ್ಜೆ' ಎಂದಷ್ಟೇ ಇದೆ. ಮುಂದೆ ಬರೆಯಲು ಆಗಲಿಲ್ಲ.

ಹೌದು ರೂನಾ. ಆಗಸ್ಟಿನಲ್ಲೇ. ಮಾರ್ಚಿನಲ್ಲಲ್ಲ. ನಿನಗೆ ಮಾರ್ಚ್ ಎಂದು ಹೇಳಿದವಳು ನಾನು. ಬೆನ್ನುನೋವು ಎಂದು ಹೋದವರಿಗೆ ಮೂಳೆಮಜ್ಜೆಯ ಕಾಯಿಲೆ ಎಂದು ಹೇಳಿದರು, ಕಿಡ್ನಿಗೂ ಆಗಲೇ ತಾಗಿದೆ ಎಂದರು. ವಾಪಸು ಬರುವಾಗ ಅಪ್ಪ ಕಾರು ನಿಲ್ಲಿಸಿ ರಸ್ತೆಯ ಬದಿಯಲ್ಲಿ ಇಳಿದು ನಿಂತರು. ಇಪ್ಪತ್ತೇಳು ಚಳಿಗಾಲ ಹಿಮ ದೂಡುವ ಗಾಡಿ ಓಡಿಸಿದ ರಸ್ತೆ ಅದು, ಪ್ರತಿ ತಿರುವೂ ಅವರಿಗೆ ಗೊತ್ತು. ಮರಳಿ ಕೂತಾಗ ಅಂದರು, "ಮಾಯ್ಸಾ, ಹುಡುಗಿಗೆ ಹೇಳ್ಬೇಡ. ಅವಳ ಸಂಶೋಧನೆ ಮುಗೀಲಿ. ವಸಂತಕ್ಕೆ ನಾನೇ ಹೇಳ್ತೀನಿ." ನಾನು ಒಪ್ಪಿದೆ. ಒಪ್ಪಬಾರದಿತ್ತೋ ಏನೋ. ಆಗಲೂ ಗೊತ್ತಿರಲಿಲ್ಲ, ಈಗಲೂ ಗೊತ್ತಿಲ್ಲ.

ಆದರೆ ಮಂಗಳವಾರ ಬರುತ್ತದಲ್ಲ. ಅವರ ರಕ್ತ ಆಗಲೇ ತೆಳುವಾಗಿತ್ತು. ನೀನು ಕೆಂಪುಕಣ ಎಣಿಸುವವಳು. ಕೊಳವೆ ನಿನ್ನ ಕೈ ಸೇರಿದ ಒಂದು ಗಂಟೆಗೆ ನಿನಗೆ ತಿಳಿಯುತ್ತಿತ್ತು. ಕೊಡುವುದು ನಿಲ್ಲಿಸಿದರೂ ಯಾಕೆ ಎಂದು ಕೇಳುತ್ತಿದ್ದೆ. ಆಗಸ್ಟ್ ೩೧ರಂದು ಬೆಳಿಗ್ಗೆ ನಾನು ರಬ್ಬರ್ ಪಟ್ಟಿ ಹಿಡಿದು ನಿಂತಿದ್ದೆ. ಅಪ್ಪ ತೋಳು ಚಾಚಲಿಲ್ಲ. ನನ್ನ ತೋಳನ್ನೇ ನೋಡುತ್ತಾ, "ನಿಂದೂ ಎ ಪಾಸಿಟಿವ್ ಅಲ್ವೇನೇ?" ಅಂದರು.

ಅಂದಿನಿಂದ ಹೋದ ಏಳು ಕೊಳವೆಗಳೂ ನನ್ನವು, ರೂನಾ. ಸೆಪ್ಟೆಂಬರಿನಲ್ಲಿ ನೀನು ಕಂಡದ್ದು ಅಪ್ಪನ ರಕ್ತವಲ್ಲ. ಅಪ್ಪನಿಗೆ ಕಾಡಿಲಿ ಜ್ವರ ಯಾವತ್ತೂ ಬಂದಿರಲಿಲ್ಲ. ಅವರ ಕಿಡ್ನಿ ಕೆಡಿಸಿದ್ದು ಅದಲ್ಲ. ಆ ಅಂಕಿ ನೋಡಿ ನೀನು ಅವರನ್ನು ಯಾವ ಡಾಕ್ಟರ ಬಳಿಗೂ ಕರೆದೊಯ್ಯಬೇಕಾಗಿರಲಿಲ್ಲ. ಇದನ್ನು ಹೇಳುವುದಕ್ಕೇ ಪತ್ರ ಬರೆದದ್ದು. ಉಳಿದದ್ದನ್ನು ಓದದಿದ್ದರೂ ನಡೆಯುತ್ತದೆ.

ಚೀಟಿ ಮಾತ್ರ ಪ್ರತಿ ಸಲವೂ ಅಪ್ಪನೇ ಬರೆಯುತ್ತಿದ್ದರು. ಅವರ ಆ ಓರೆ ನಾಲ್ಕು ನಿನಗೆ ಗುರುತು. ನನ್ನ ತೋಳಿಗೆ ಸೂಜಿ ನಾನೇ ಚುಚ್ಚಿಕೊಳ್ಳುತ್ತಿದ್ದೆ, ಅವರು ಕೊಳವೆ ಹಿಡಿಯುತ್ತಿದ್ದರು. ಎಂಟು ಸಲ ಮಗುಚುವಾಗ ಗಟ್ಟಿಯಾಗಿ ಎಣಿಸುತ್ತಿದ್ದರು. ಆಮೇಲೆ ಹತ್ತಿ ಒತ್ತಿ ಹಿಡಿದು, ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ಹಿಡಿದೇ ಕೂರುತ್ತಿದ್ದರು. ನಲವತ್ತೊಂದು ವರ್ಷ ಸಂಸಾರ ಮಾಡಿದೆವು, ಅಷ್ಟು ಹತ್ತಿರ ಮಂಗಳವಾರಗಳಂದು ಮಾತ್ರ ಇದ್ದೆವೇನೋ ಎಂದು ಈಗ ಅನ್ನಿಸುತ್ತದೆ. ನಿನಗೆ ಮೋಸ ಮಾಡುತ್ತಿದ್ದ ಹೊತ್ತು ಅದು. ನನಗೆ ಅದು ಸಂತೋಷದ ಹೊತ್ತೂ ಆಗಿತ್ತು. ಎರಡನ್ನೂ ಒಂದೇ ಕಡೆ ಹೇಗೆ ಇಡುವುದೋ ತಿಳಿಯುತ್ತಿಲ್ಲ.

ಸೆಪ್ಟೆಂಬರಿನಲ್ಲಿ ನೀನು ಫೋನ್ ಮಾಡಿದ ದಿನ ಅಪ್ಪ ಫೋನನ್ನು ಮೇಜಿನ ಮೇಲೆ ಇಟ್ಟು ಇಬ್ಬರಿಗೂ ಕೇಳುವಂತೆ ಮಾಡಿದರು. "ಅಪ್ಪ, ನಿಮ್ಮ ಕೆಂಪುಕಣ ವೈರಸ್ಸನ್ನ ಗಬಕ್ಕಂತ ಹಿಡೀತಿದೆ" ಅಂದೆ. ಜೂನ್ ಮತ್ತು ಆಗಸ್ಟ್ ನಡುವೆ ಎಲ್ಲೋ ಜ್ವರ ತಗುಲಿದೆ, ಆದರೆ ಮಲಗಿಸಲಿಲ್ಲ, ಕೆಂಪುಕಣಗಳು ಅಷ್ಟು ಬೇಗ ಹೊತ್ತೊಯ್ದಿರಬೇಕು ಎಂದೆ. ಒಂದು ಮಾತ್ರ ಅರ್ಥವಾಗುತ್ತಿಲ್ಲ, ಹೊಸದಾಗಿ ತಗುಲಿದ್ದರೆ ಇರಬೇಕಾದ ಗುರುತು ಇಲ್ಲ, ಎಂದೋ ಬಂದು ಹೋದವರ ಹಳೆಯ ಗುರುತಷ್ಟೇ ಇದೆ ಎಂದೂ ಹೇಳಿದೆ. ಅಪ್ಪ ನನ್ನ ಕಡೆ ನೋಡಿ ಕಣ್ಣು ಮಿಟುಕಿಸಿ, "ಹಿಮ ದೂಡಿದ ರಕ್ತ ಕಣಮ್ಮ ಅದು, ಅಡ್ಡ ಬಂದದ್ದನ್ನೆಲ್ಲ ಬದಿಗೆ ತಳ್ಳುತ್ತೆ" ಅಂದರು. ಫೋನ್ ಇಟ್ಟ ಮೇಲೂ ಎದೆ ಸೆಟೆಸಿಕೊಂಡು ಅಡುಗೆಮನೆಯಲ್ಲಿ ಓಡಾಡಿದರು. "ಹಿಲ್ಡಿಂಗ್, ಅದು ನಂದು" ಅಂದೆ. "ಶ್, ಇವತ್ತೊಂದಿನ ನಂದಾಗಿರಲಿ ಬಿಡೇ" ಅಂದರು.

ಹಳೆಯ ಗುರುತು ಯಾವಾಗಿನದು ಎಂದು ನನಗೆ ಹೊಳೆದದ್ದು ಅಂದು ಪಾತ್ರೆ ತೊಳೆಯುವಾಗ. ನಿನಗೆ ಮೂರು ವರ್ಷ, ಅಕ್ಟೋಬರ್. ಸೌದೆಮನೆ ಗುಡಿಸಿದ್ದೆ, ನೀರು ಚಿಮುಕಿಸದೆ, ಒಣಗಿದ್ದ ಇಲಿಹಿಕ್ಕೆಯನ್ನೆಲ್ಲ ಪೊರಕೆಯಲ್ಲಿ ದೂಳೆಬ್ಬಿಸಿ. ನನ್ನ ಅಮ್ಮ ಹಾಗೇ ಗುಡಿಸುತ್ತಿದ್ದಳು, ಎಲ್ಲರೂ ಹಾಗೇ ಗುಡಿಸುತ್ತಾರೆ. ಮೂರು ವಾರ ಕಳೆದು ಬೆನ್ನು ಮುರಿಯುವ ನೋವು, ಜ್ವರ. ಕಣ್ಣು ಮಂಜಾಗಿ ಗೋಡೆಯ ಗಡಿಯಾರ ಕಾಣುತ್ತಿರಲಿಲ್ಲ, ಗಂಟೆ ಎಷ್ಟು ಎಂದು ಅಪ್ಪನನ್ನು ಕೇಳುತ್ತಿದ್ದೆ. ಫ್ಲೂ ಇರಬೇಕು ಎಂದರು, ನಾನೂ ಇರಬೇಕು ಎಂದೆ. ಇಪ್ಪತ್ತೆಂಟು ವರ್ಷದ ಮೇಲೆ, ಗಂಡನ ಹೆಸರಿನಲ್ಲಿ ಹೋದ ರಕ್ತದಿಂದ ನನ್ನ ಕಾಯಿಲೆಯ ಹೆಸರು ತಿಳಿಯಿತು. ಯಾರಿಗೂ ಹೇಳುವ ಹಾಗಿರಲಿಲ್ಲ.

ಹಾಗಾದರೆ ನಿನ್ನ ಆಶ್ಚರ್ಯದಲ್ಲಿ ಆಶ್ಚರ್ಯವೇನೂ ಇಲ್ಲ, ಅಲ್ಲವೇ? ಜ್ವರ ಬಂದು ಹೋದವರ ರಕ್ತ ವೈರಸ್ಸನ್ನು ಹಿಡಿಯುತ್ತದೆ ಎಂದು ನಿನಗೆ ಮೊದಲೇ ಗೊತ್ತಿತ್ತು. ನಾನು ಅಂಥವರಲ್ಲಿ ಒಬ್ಬಳು, ಅಷ್ಟೇ. ಮಲಗದೆಯೇ ಗೆದ್ದ ಗಂಡಸು ಒಬ್ಬನೂ ಇಲ್ಲ. ನಿನ್ನ ಲೇಖನ ಅವನ ಮೇಲೇ ನಿಂತಿದೆ ಎಂದು ನನಗೆ ಗೊತ್ತು. ಕ್ರಿಸ್‌ಮಸ್‌ಗೆ ಬಂದಾಗ ನೀನು ಆ ದೊಡ್ಡ ಹಾಳೆ ಬಿಡಿಸಿ ತೋರಿಸಿದೆಯಲ್ಲ, ಬೇರೆ ಹೋಲಿಕೆಗಳೆಲ್ಲ ನೆಲಕ್ಕೆ ಅಂಟಿದ ಹಾಗೆ ಮಲಗಿದ್ದವು, ನಾಲ್ಕನೆಯ ಗೆರೆ ಮಾತ್ರ ಗುಡ್ಡ ಹತ್ತಿದ ಹಾಗೆ ಮೇಲೆ. ಅಪ್ಪ ಕನ್ನಡಕ ಹಾಕಿಕೊಂಡು ಆ ಗೆರೆಯ ಮೇಲೆ ಬೆರಳಾಡಿಸಿದರು. ನಾನು ಸೋಫಾದಲ್ಲಿ ಕೂತು ನೂಲು ಸುತ್ತುತ್ತಿದ್ದೆ. ಹೆಮ್ಮೆಯೂ ಆಯಿತು. ಸುತ್ತಿದ ನೂಲನ್ನೆಲ್ಲ ಬಿಚ್ಚಿ ಮತ್ತೆ ಸುತ್ತಿದೆ. ಆಗಲೇ ಹೇಳಬೇಕಾಗಿತ್ತು. ಅಪ್ಪನ ಕೈ ಎಷ್ಟು ಸಣ್ಣಗಾಗಿದೆ ಎಂದು ನೀನೂ ನೋಡಿದೆ. "ಅಪ್ಪ ಇಳಿದು ಹೋಗಿದಾರಲ್ಲ?" ಎಂದು ಅಡುಗೆಮನೆಗೆ ಬಂದು ಕೇಳಿದೆ. ಸಕ್ಕರೆ ಬಿಟ್ಟಿದ್ದಾರೆ ಎಂದೆ. ನಿನ್ನ ಮುಖದಲ್ಲಿದ್ದ ಭಯ ಹೋಯಿತು. ರಕ್ತ ಚೆನ್ನಾಗಿದೆ ಎಂದು ನಿನಗೆ ಗೊತ್ತಿತ್ತಲ್ಲ.

ಫೆಬ್ರವರಿಯದೊಂದು ಚಳಿಗೆ ಕೆಟ್ಟಿತು. ಆ ದಿನ ಮೈನಸ್ ಇಪ್ಪತ್ತೆಂಟು. ನೀನು ಬಸ್ಸಿನವರಿಗೆ ಫೋನ್ ಮಾಡಿ ಜೋರು ಮಾಡಿದೆಯಂತೆ, ಅವರು ಟೋರ್ನಿಗೆ ಜೋರು ಮಾಡಿದರು. ಮರುವಾರ ಅವನು ಬಸ್ಸಿನ ಮೆಟ್ಟಿಲಿಳಿದು ಬಂದು ನನಗೆ ಹೇಳಿದ, "ಮಾಯ್-ಲಿಸ್, ಅದನ್ನ ನನ್ನ ಬುತ್ತಿ ಡಬ್ಬಿ ಪಕ್ಕದಲ್ಲೇ ಇಟ್ಕೊಂಡಿದ್ದೆ ಕಣಮ್ಮ. ಉಮಿಯೊ ಮುಟ್ಟೋವರ್ಗೂ ನನ್ನ ಕಾಫೀನೇ ಆರಿರ್ಲಿಲ್ಲ." ಚಳಿಗಾಲ, ಆಗುತ್ತೆ ಬಿಡು ಎಂದೆ. ಅದಿರಲಿ.

ಅಪ್ಪ ಹೋದ ಮೇಲೆ ನನಗೆ ಇನ್ನೊಂದು ಗೊಂದಲ. ನಿನ್ನ ಲೇಖನದಲ್ಲಿ ಹೋಲಿಕೆ ನಾಲ್ಕು ಇನ್ನೂ ಬದುಕಿದ್ದಾನೆ. ಅವನ ರಕ್ತ ಓಡುತ್ತಿದೆ, ವೈರಸ್ಸನ್ನು ಹಿಡಿದು ಬದಿಗೆ ತಳ್ಳುತ್ತಿದೆ. ಕೊನೆಯಲ್ಲಿ ನನ್ನ ತಂದೆಗೆ ಋಣಿ ಎಂದು ಬರೆದಿದ್ದೇನೆ ಎಂದು ನೀನು ಶನಿವಾರ ಓದಿ ಹೇಳಿದೆ. ಒಂದು ಕ್ಷಣ ನನಗೂ ನಂಬಿಕೆ ಬಂತು, ಹಿಲ್ಡಿಂಗ್‌ಗೆ ಅಷ್ಟು ಗಟ್ಟಿ ರಕ್ತವಿತ್ತು ಎಂದು. ನನ್ನ ತೋಳಿನ ಚುಚ್ಚು ಕಲೆ ನೋಡಿಕೊಂಡು ಕೂತೆ. ಸುಮ್ಮನಿದ್ದರೆ ಆ ಮನುಷ್ಯ ಅಚ್ಚಿನಲ್ಲಿ ಉಳಿಯುತ್ತಾನೆ. ಹೇಳಿದರೆ ನಾನೇ ಅವನನ್ನು ಅಳಿಸಿದ ಹಾಗೆ. ಸುಮ್ಮನಿದ್ದರೆ ನೀನು ಬದುಕಿರುವವರೆಗೂ ಆ ಸೆಪ್ಟೆಂಬರನ್ನು ಹೊತ್ತು ತಿರುಗುತ್ತೀಯ. ಅದೂ ಅಲ್ಲದೆ, ಯಾವನೋ ಒಬ್ಬ ಡಾಕ್ಟರು ನಿನ್ನ ಲೇಖನ ನಂಬಿ ಯಾರಿಗೋ ಏನೋ ಮಾಡಿದರೆ? ಮೂರು ದಿನ ಹೀಗೇ ಅತ್ತ ಇತ್ತ ತೂಗಿದೆ. ಇನ್ನೂ ನಿಂತಿಲ್ಲ. ಆದರೆ ಶುಕ್ರವಾರ ನಿಲ್ಲುವುದಿಲ್ಲವಲ್ಲ.

ಪೆಟ್ಟಿಗೆಯಲ್ಲಿರುವ ಕೊಳವೆಗೆ ನಾಳೆ ಬೆಳಿಗ್ಗೆ ಬಸ್ಸಿಗೆ ಮೊದಲು ರಕ್ತ ತೆಗೆಯುತ್ತೇನೆ. ಚೀಟಿ ಈಗಲೇ ಬರೆದಿಟ್ಟಿದ್ದೇನೆ. ಅದರ ಮೇಲೆ ನನ್ನ ಹೆಸರಿದೆ, ಪೂರ್ತಿ ಹೆಸರು, ಹುಟ್ಟಿದ ದಿನ. ಹೋಲಿಕೆ ನಾಲ್ಕರ ಪಕ್ಕದಲ್ಲಿ ಇಟ್ಟು ನೋಡು. ಒಂದೇ ಎಂದು ನಿನಗೇ ಕಾಣುತ್ತದೆ, ನನ್ನ ಮಾತು ನಂಬಬೇಕಾಗಿಲ್ಲ. ಲೇಖನ ಕಳಿಸಬೇಡ. ನಿನ್ನ ಪ್ರೊಫೆಸರ್‌ಗೆ ಹೇಳು, ನಮ್ಮಮ್ಮ ಮಾಡಿದ್ದು ಎಂದು. ಅವರು ನನ್ನನ್ನು ಕರೆದರೆ ಬರುತ್ತೇನೆ, ಕೂತು ಹೇಳುತ್ತೇನೆ.

ಕ್ಷಮಿಸು ಎಂದು ಕೇಳಲು ಯಾವುದಕ್ಕೆ ಎಂದು ಮೊದಲು ತಿಳಿಯಬೇಕು. ನಿನ್ನ ಎರಡು ವರ್ಷಕ್ಕೋ, ಆಗಸ್ಟಿನಿಂದ ಮಾರ್ಚಿನವರೆಗೆ ಅಪ್ಪನ ಜೊತೆ ನೀನು ಕಳೆಯಬಹುದಾಗಿದ್ದ ದಿನಗಳಿಗೋ. ಮೊದಲನೆಯದನ್ನು ನೀನು ಮತ್ತೆ ಮಾಡಿಕೊಳ್ಳುತ್ತೀಯ. ಎರಡನೆಯದು ನನಗೆ ಗೊತ್ತಿದೆ. ಅದರ ಬಗ್ಗೆ ಈಗ ಬರೆಯಲಾರೆ.

ಬೆಚ್ಚಗಿರು. ಸಿಟ್ಟು ಬಂದರೆ ಫೋನ್ ಮಾಡಿ ಬೈ. ಸುಮ್ಮನಿರಬೇಡ. ಈ ಮನೆಯಲ್ಲಿ ಸುಮ್ಮನಿದ್ದದ್ದು ಸಾಕು.

ನಿನ್ನ ಅಮ್ಮ,
ಮಾಯ್-ಲಿಸ್

ಮರೆತ ಮಾತು: ಬುಧವಾರ ಬೆಳಿಗ್ಗೆ, ನಾಲ್ಕು ಡಿಗ್ರಿ. ಬಸ್ಸಿಗೆ ಇನ್ನೂ ಇಪ್ಪತ್ತು ನಿಮಿಷವಿದೆ. ಕೊಳವೆಯನ್ನು ಒಬ್ಬಳೇ ಎಂಟು ಸಲ ಮಗುಚಿದೆ. ಎಣಿಸುವಾಗ ತಿಳಿಯಿತು, ಮೇಲೆ ಒಂದು ಸುಳ್ಳು ಬರೆದಿದ್ದೇನೆ. ಮರೆತದ್ದಲ್ಲ. ನನ್ನವು ಏಳಲ್ಲ, ಆರು. ಫೆಬ್ರವರಿ ೧೫ರದ್ದು ಅಪ್ಪನದು. ಆ ಬೆಳಿಗ್ಗೆ ಅವರು ತಾವೇ ಅಂಗಿಯ ತೋಳು ಮಡಿಸಿ ಕೂತಿದ್ದರು. "ಬಾಯಲ್ಲಿ ಹೇಳೋಕೆ ಆಗ್ತಿಲ್ಲ ಮಾಯ್ಸಾ. ಅವಳೇ ನೋಡ್ಲಿ, ನೋಡಿದ್ರೆ ಗೊತ್ತಾಗುತ್ತೆ, ಮಧ್ಯಾಹ್ನದೊಳಗೆ ಫೋನ್ ಮಾಡ್ತಾಳೆ" ಅಂದರು. ಮಧ್ಯಾಹ್ನವೆಲ್ಲ ಫೋನಿನ ಹತ್ತಿರವೇ ಕೂತಿದ್ದರು. ಸಂಜೆ ನೀನು ನನಗೆ ಮಾಡಿದೆ. ಕಣಗಳು ಕಡಿಮೆ, ಬಣ್ಣ ಕೆಟ್ಟಿದೆ, ನಾಣ್ಯ ಪೇರಿಸಿದ ಹಾಗೆ ಒಂದಕ್ಕೊಂದು ಅಂಟಿವೆ, ಟೋರ್ನಿ ಚಳಿಯಲ್ಲಿ ಬಿಟ್ಟಿದ್ದಾನೆ ಎಂದೆ. ಚಳಿಯಲ್ಲ, ಅದು ಅಪ್ಪನ ಕಾಯಿಲೆ ಎಂದು ಹೇಳಲು ಬಾಯಿ ತೆರೆದೆ. ಅಪ್ಪ ಬೇಡ ಎಂದು ತಲೆಯಾಡಿಸಿದರು. ನಿನಗೆ ತಿಳಿಯದ್ದು ನಿನ್ನ ತಪ್ಪಲ್ಲ. ಆರು ತಿಂಗಳು ನನ್ನ ರಕ್ತ ತೋರಿಸಿ ನಿನ್ನನ್ನು ನಂಬಿಸಿದ್ದೆನಲ್ಲ. ತಪ್ಪು ಅವನದಲ್ಲ ಎಂದು ಟೋರ್ನಿಗೆ ಈಗ ಬಸ್ಸು ಬಂದ ಕೂಡಲೇ ನಾನು ಹೇಳುತ್ತೇನೆ. ಆ ದಿನದ ಒಂದು ಹನಿಯನ್ನು ಗಾಜಿನ ಪಟ್ಟಿಯ ಮೇಲೆ ಬಳಿದು, 'ಕೆಟ್ಟಿದೆ' ಎಂದು ಬರೆದು ಡ್ರಾಯರಿನಲ್ಲಿ ಹಾಕಿದ್ದೇನೆ ಎಂದು ನೀನು ಆಗ ಹೇಳಿದ್ದೆ. ಎಸೆದಿಲ್ಲದಿದ್ದರೆ ಹುಡುಕು. ಆ ಮಾತನ್ನು ಒರೆಸಿ ಅಪ್ಪನ ಹೆಸರು ಬರೆ.